ತೈವಿ ಕಣಿವೆಯ ಕಲ್ಬಾಗಿಲು

ವೇಲ್ಸ್‌ನ ಪಶ್ಚಿಮ ಕರಾವಳಿಯ ಅಬೆರಿಸ್ಟ್‌ವಿತ್‌ನಿಂದ ಬೆಳಿಗ್ಗೆ ಕಾರಿನಲ್ಲಿ ಹೊರಟ ನಾವು ಪಾಂಟ್ರಿಡ್‌ವೆಂಡಿಗೈಡ್ ಎಂಬ ಹಳ್ಳಿಯನ್ನು ದಾಟಿದೆವು. ಪಾವನವಾದ ಹೊಳೆದಾಟಿನ ಸೇತುವೆ ಎಂಬುದು ಆ ಉದ್ದನೆಯ ಹೆಸರಿನ ಅರ್ಥ. ಅಲ್ಲಿಂದ ತೈವಿ ನದಿಯ ಪಕ್ಕದ ಕಿರಿದಾದ ರಸ್ತೆ, ಕುರಿಗಳು ಮೇಯುವ ಗುಡ್ಡಗಳ ನಡುವೆ ಸಾಗಿ, ಸ್ಟ್ರಾಟಾ ಫ್ಲೋರಿಡಾ ಮಠದ ಅವಶೇಷಗಳ ಮುಂದೆ ನಮ್ಮನ್ನು ತಂದು ನಿಲ್ಲಿಸಿತು.

ಚಾವಣಿ ಇಲ್ಲ, ಗೋಡೆಗಳ ಬಹುಭಾಗ ಉರುಳಿ ತಳಪಾಯವಷ್ಟೇ ಉಳಿದಿದೆ. ಆದರೆ ಚರ್ಚಿನ ಪಶ್ಚಿಮ ದ್ವಾರದ ಕಮಾನು ಮಾತ್ರ ಇನ್ನೂ ಎದ್ದು ನಿಂತಿದೆ. ಒಂದರೊಳಗೊಂದು ಸುತ್ತಿಕೊಂಡ ದುಂಡನೆಯ ಕಲ್ಲಿನ ಎಳೆಗಳನ್ನು ಅಲ್ಲಲ್ಲಿ ಪಟ್ಟಿಗಳಿಂದ ಬಿಗಿದಂತೆ ಕೆತ್ತಿದ ಈ ಬಾಗಿಲಿನ ಎದುರು ನಾನು ಬಹಳ ಹೊತ್ತು ನಿಂತೆ. ಇದನ್ನು ಕಟ್ಟಿಸಿದ ದೊರೆಯನ್ನು ಅರಿಯಲೆಂದೇ ನಾನು ಇಷ್ಟು ದೂರ ಬಂದಿದ್ದೆ.

ಆತ ದಕ್ಷಿಣ ವೇಲ್ಸ್‌ನ ದೆಹೆಯ್‌ಬಾರ್ತ್ ರಾಜ್ಯದ ಒಡೆಯ ರೀಸ್ ಆಪ್ ಗ್ರಿಫಿದ್. ಮಠಕ್ಕೆ ಮೊದಲು ಅಡಿಪಾಯ ಹಾಕಿದವನು ಅವನಲ್ಲ. 1164ರಲ್ಲಿ ಫ್ಲೀರ್ ತೊರೆಯ ಬಳಿ ಸಿಸ್ಟರ್ಶಿಯನ್ ಎಂಬ ಕ್ರೈಸ್ತ ಪಂಥದ ಸನ್ಯಾಸಿಗಳನ್ನು ನೆಲೆಗೊಳಿಸಿದವನು, ಇಂಗ್ಲೆಂಡನ್ನು ಗೆದ್ದು ಆಳುತ್ತಿದ್ದ ನಾರ್ಮನ್ನರ ಪಕ್ಷದ ರಾಬರ್ಟ್ ಫಿಟ್ಸ್‌ಸ್ಟೀಫನ್. ಸಂಬಂಧದಲ್ಲಿ ಅವನು ರೀಸನ ಸೋದರತ್ತೆ ನೆಸ್ಟ್‌ಳ ಮಗ. ಮರುವರ್ಷವೇ ರೀಸ್ ಕಾರ್ಡಿಗನ್ ಕೋಟೆಯನ್ನು ಗೆದ್ದು ಆ ಅತ್ತೆಮಗನನ್ನು ಸೆರೆಗೆ ಹಾಕಿದ. ಆದರೆ ಶತ್ರು ತಂದಿಟ್ಟ ಸನ್ಯಾಸಿಗಳನ್ನು ಅವನು ಓಡಿಸಲಿಲ್ಲ; ಮಠವನ್ನು ತನ್ನದಾಗಿಸಿಕೊಂಡು ಪೋಷಿಸಿದ, ಕಾಲಾನಂತರ ಹೊಸ ಜಾಗದಲ್ಲಿ ಭವ್ಯವಾದ ಚರ್ಚನ್ನು ಕಟ್ಟಿಸತೊಡಗಿದ. 1184ರ ದಾನಪತ್ರದಲ್ಲಿ ಮಠವನ್ನು ಕಟ್ಟಲು ಆರಂಭಿಸಿದವನು ತಾನೇ ಎಂದು ಹೇಳಿಕೊಂಡು, ಭೂಮಿಯನ್ನು ಉದಾರವಾಗಿ ದತ್ತಿ ಬಿಟ್ಟಿದ್ದಾನೆ.

ಇದರಲ್ಲಿ ರಾಜಕಾರಣವಿರಲಿಲ್ಲವೆಂದು ನಾನು ಹೇಳಲಾರೆ. ಬೆನೆಡಿಕ್ಟೈನ್ ಎಂಬ ಇನ್ನೊಂದು ಸನ್ಯಾಸಿ ಪಂಥದ ಮಠಗಳು ವೇಲ್ಸ್‌ನಲ್ಲಿ ನಾರ್ಮನ್ ಕೋಟೆಗಳ ನೆರಳಿನಲ್ಲಿ ಬೆಳೆದವು. ಊರಿನಿಂದ ದೂರವಿದ್ದು, ಬಣ್ಣ ಹಾಕದ ಉಣ್ಣೆಯ ಬಟ್ಟೆ ತೊಟ್ಟು, ಸ್ವಂತ ದುಡಿಮೆಯಿಂದ ಬದುಕುವ ಸಿಸ್ಟರ್ಶಿಯನ್ನರನ್ನು ವೆಲ್ಷ್ ಜನ ತಮ್ಮವರೆಂದೇ ಬಗೆದರು. ಆದರೂ ರೀಸನ ಔದಾರ್ಯವನ್ನು ಬರೀ ಲೆಕ್ಕಾಚಾರವೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ಅವನಿಗಿಂತ ಮೊದಲು ರಾಜ್ಯವಾಳಿದ ಅಣ್ಣ ಕಾಡೆಲ್ ಇದೇ ಮಠದಲ್ಲಿ ಸನ್ಯಾಸಿಯ ಉಡುಪು ಧರಿಸಿ 1175ರಲ್ಲಿ ತೀರಿಕೊಂಡ. ಮನೆತನವೊಂದು ತನ್ನ ಸತ್ತವರನ್ನು ಒಪ್ಪಿಸುವ ಜಾಗವನ್ನು ಕೇವಲ ಲಾಭಕ್ಕಾಗಿ ಕಟ್ಟಿಕೊಳ್ಳುವುದಿಲ್ಲ.

ಮಧ್ಯಾಹ್ನ ದಕ್ಷಿಣಕ್ಕೆ ಹೊರಟು ಟ್ಯಾಲಿ ತಲುಪಿದೆವು. ಎರಡು ಕೆರೆಗಳ ತಲೆಯಲ್ಲಿರುವ ಈ ಮಠವನ್ನೂ ರೀಸನೇ ಸ್ಥಾಪಿಸಿದ. ಪ್ರೆಮಾನ್‌ಸ್ಟ್ರಾಟೆನ್ಷಿಯನ್ ಪಂಥಕ್ಕೆ ವೇಲ್ಸ್‌ನಲ್ಲಿದ್ದ ಮಠ ಇದೊಂದೇ. ಮುರಿದ ಗೋಪುರದ ಎರಡು ಎತ್ತರದ ಗೋಡೆಗಳು ಮಾತ್ರ ಉಳಿದಿವೆ. ಲ್ಲಾನ್‌ಲ್ಲೀರ್‌ನಲ್ಲಿ ಸನ್ಯಾಸಿನಿಯರಿಗೂ ಅವನು ಮಠ ಕಟ್ಟಿಸಿದ್ದ. ಅಲ್ಲಿಗೆ ಹೋಗಲು ನಮಗೆ ಸಮಯವಿರಲಿಲ್ಲ.

ಮರುದಿನ ಸೇಂಟ್ ಡೇವಿಡ್ಸ್‌ನ ಕೆಥೆಡ್ರಲ್‌ಗೆ ಹೋದೆವು. ರೀಸ್ 1197ರ ಏಪ್ರಿಲ್ 28ರಂದು ತೀರಿಕೊಂಡಾಗ ಚರ್ಚಿನಿಂದ ಬಹಿಷ್ಕೃತನಾಗಿದ್ದ. ಅವನ ಮಕ್ಕಳು ಬಿಷಪ್ ಪೀಟರ್ ಡಿ ಲೀಯಾ ಅವರನ್ನು ಅವಮಾನಿಸಿದ್ದೇ ಅದಕ್ಕೆ ಕಾರಣ. ಪ್ರಾಯಶ್ಚಿತ್ತವಾಗಿ ಶವಕ್ಕೆ ಚಾಟಿಯೇಟು ಕೊಟ್ಟ ಮೇಲಷ್ಟೇ ಇಲ್ಲಿ ಮಣ್ಣು ಮಾಡಲು ಒಪ್ಪಿಗೆ ದೊರೆಯಿತು. ಇಷ್ಟೊಂದು ದತ್ತಿ ಕೊಟ್ಟವನ ದೇಹಕ್ಕೆ ಆ ಗತಿ ಬಂದುದನ್ನು ನೆನೆದು, ಅವನದೆಂದು ಹೇಳಲಾಗುವ ಕಲ್ಲಿನ ಪ್ರತಿಮೆಯ ಬಳಿ ನಿಂತ ನನಗೆ ಗಂಟಲು ಕಟ್ಟಿತು. ತೈವಿ ಕಣಿವೆಯ ಹೊಸ ಚರ್ಚಿಗೆ ಸನ್ಯಾಸಿಗಳು ಕಾಲಿಟ್ಟದ್ದು ಅವನು ಸತ್ತ ನಾಲ್ಕು ವರ್ಷಗಳ ಮೇಲೆ, 1201ರಲ್ಲಿ. ಅದೇ ವರ್ಷ ತೀರಿಕೊಂಡ ಅವನ ಮಗ ಗ್ರಿಫಿದ್‌ನನ್ನು ಅಲ್ಲೇ ಸಮಾಧಿ ಮಾಡಿದರು.