ಡೆನ್ನಿ ಕೊಟ್ಟ ಗುಡ್ಡ

ಕಾಲೇಜಿನ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಕೇಳಿದವರು ಹಾಸ್ಟೆಲ್ ಊಟ, ಸರ್ವೆ ಕ್ಯಾಂಪು ಅಂತ ಏನೋ ಎಣಿಸಿದ್ದಿರಬೇಕು. ಅದನ್ನೆಲ್ಲ ನನ್ನ ಬ್ಯಾಚಿನವರು ಚೆನ್ನಾಗಿ ಬರೆಯುತ್ತಾರೆ. ನಾನು ಇಲ್ಲಿ ಸಿವಿಲ್ ಎಂಜಿನಿಯರಿಂಗ್ ಮುಗಿಸಿ ಎಂ.ಎಸ್. ಮಾಡಿದ್ದು ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ನನಗೆ ಹುಚ್ಚು ಹಿಡಿಸಿದವನು ಆ ಊರು ಕಟ್ಟಿದವರಲ್ಲಿ ಒಬ್ಬನಾದ ಸರ್ವೆಯರ್. ಹೆಸರು ಆರ್ಥರ್ ಡೆನ್ನಿ. ತೀರಿಕೊಂಡದ್ದು 1899ರಲ್ಲಿ!

ಡೆನ್ನಿ ಹುಟ್ಟಿದ್ದು 1822ರಲ್ಲಿ, ಇಂಡಿಯಾನಾದಲ್ಲಿ. ಬೆಳೆದದ್ದು ಇಲಿನಾಯ್‌ನಲ್ಲಿ. 1851ರ ಏಪ್ರಿಲ್‌ನಲ್ಲಿ ಹೆಂಡತಿ ಮೇರಿ, ಮಕ್ಕಳು, ನೆಂಟರನ್ನೆಲ್ಲ ಕಟ್ಟಿಕೊಂಡು ಗಾಡಿಗಳಲ್ಲಿ ಪಶ್ಚಿಮಕ್ಕೆ ಹೊರಟ. ಆಗ ಮೇರಿ ಬಸುರಿ. ಪೋರ್ಟ್‌ಲ್ಯಾಂಡ್ ತಲುಪಿದ ಮೇಲೆ ಗಂಡುಮಗು ಹುಟ್ಟಿತು. ನವೆಂಬರ್ 13ಕ್ಕೆ ಇವರನ್ನೆಲ್ಲ ಒಂದು ಹಾಯಿಹಡಗು ಆಲ್ಕೈ ಎಂಬ ದಡಕ್ಕೆ ತಂದು ಇಳಿಸಿತು. ಮಳೆ ಬರುತ್ತಿತ್ತು. ಮೊದಲೇ ಬಂದಿದ್ದ ತಮ್ಮ ಡೇವಿಡ್ ಕಟ್ಟುತ್ತಿದ್ದ ಮರದ ಮನೆಗೆ ಇನ್ನೂ ಸೂರೇ ಇಲ್ಲ. ಹೆಂಗಸರು ಅತ್ತುಬಿಟ್ಟರಂತೆ. ಅಲ್ಲಿನ ನವೆಂಬರ್ ಕಂಡವರಿಗೆ ಇದು ಹೇಳಬೇಕಾಗಿಲ್ಲ. ನಮ್ಮ ಮಲೆನಾಡಿನ ಹಾಗೆ ಧೋ ಎಂದು ಸುರಿದು ಮುಗಿಸುವ ಮಳೆಯಲ್ಲ ಅದು, ದಿನವಿಡೀ ಜಿನುಗುತ್ತಲೇ ಇರುತ್ತದೆ. ಮೇರಿಗೆ ಎದೆಹಾಲು ಸಾಲದೆ ಹೋದಾಗ ಅಲ್ಲಿನ ಮೂಲನಿವಾಸಿ ಹೆಂಗಸೊಬ್ಬಳು ಮಗುವಿಗೆ ಚಿಪ್ಪುಮೀನಿನ ರಸ ಕುಡಿಸಲು ಹೇಳಿಕೊಟ್ಟಳಂತೆ. ಆ ಮಗು ರೋಲಂಡ್ 1939ರವರೆಗೆ ಬದುಕಿದ.

ದುಡ್ಡು ಬಂದ ದಾರಿ ಸರಳ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಡಗುಕಟ್ಟೆಗಳಿಗೆ ಮರದ ಕಂಬ ಬೇಕಿತ್ತು, ಇವರ ಸುತ್ತ ಕಾಡೇ ಇತ್ತು. ಕಂಬ ಹೇರಲು ಹಡಗು ಬಂದಿತು. ಆದರೆ ಆಲ್ಕೈ ದಡದಲ್ಲಿ ಹಡಗು ನಿಲ್ಲಿಸುವುದು ಕಷ್ಟ. ಡೆನ್ನಿ ಮತ್ತು ಇನ್ನಿಬ್ಬರು ದೋಣಿ ಹತ್ತಿದರು. ಬಟ್ಟೆ ಒಣಹಾಕುವ ಹಗ್ಗಕ್ಕೆ ಕುದುರೆ ಲಾಳ ಕಟ್ಟಿ ಕೊಲ್ಲಿಯ ಆಳ ಅಳೆಯುತ್ತಾ ಹೋದರು. ಪೂರ್ವದ ದಡದಲ್ಲಿ ನೀರು ಆಳವಾಗಿತ್ತು. 1852ರಲ್ಲಿ ಅಲ್ಲಿಗೇ ಮನೆ ಬದಲಾಯಿಸಿದರು. ಟೋಟಲ್ ಸ್ಟೇಷನ್ ಎಂಬ ಅಳತೆಯ ಯಂತ್ರ ಹೊತ್ತು ತಿರುಗಿದ ನಮಗೆ ಲಾಳದ ಸರ್ವೆ ನಗು ತರಿಸಬಹುದು. ಇವತ್ತಿನ ಬಂದರು ಇರುವುದು ಅದೇ ಕೊಲ್ಲಿಯಲ್ಲಿ, ಅಲ್ವಾ?

ಬೀದಿಗಳ ವಿಷಯದಲ್ಲಿ ಮಾತ್ರ ಡೆನ್ನಿ ಹಟಮಾರಿ. ದಡ ಹೇಗೆ ಓರೆಯಾಗಿದೆಯೋ ಬೀದಿಯೂ ಹಾಗೇ ಇರಲಿ ಎಂದು ಗೆರೆ ಎಳೆದ. ಪಕ್ಕದ ಜಮೀನಿನ ಡಾಕ್ಟರ್ ಮೇನಾರ್ಡ್ ನೇರ ಉತ್ತರ ದಕ್ಷಿಣಕ್ಕೆ ಎಳೆದರು. 1853ರ ಮೇ 23ರಂದು ಎರಡೂ ನಕ್ಷೆ ದಾಖಲಾದವು. ಯೆಸ್ಲರ್ ರಸ್ತೆಯ ಹತ್ತಿರ ಬೀದಿಗಳು ಸೊಟ್ಟಗೆ ತಿರುಗುವುದು ಅದಕ್ಕೇ. ನಾನು ಅಲ್ಲಿ ನಿಂತು ಎರಡೂ ಕಡೆಯ ಫುಟ್‌ಪಾತ್ ಅಂಚನ್ನು ಕಣ್ಣಳತೆಯಲ್ಲಿ ಕೂಡಿಸಲು ನೋಡುತ್ತಿದ್ದೆ. ಕೂಡುವುದೇ ಇಲ್ಲ.

ಆಮೇಲೆ ಅಂಗಡಿ, ಬ್ಯಾಂಕಿನಲ್ಲಿ ಪಾಲು, ರೈಲು ಕಂಪನಿ, ಎರಡು ವರ್ಷ ವಾಷಿಂಗ್ಟನ್ ಡಿ.ಸಿ.ಯಲ್ಲಿ ಪ್ರಾಂತ್ಯದ ಪ್ರತಿನಿಧಿ. ಹೆಂಡದ ವ್ಯಾಪಾರ ಮಾತ್ರ ಬೇಡವೆಂದ. ಇವುಗಳಲ್ಲಿ ಹೇಳುವಂಥದ್ದೇನೂ ಇಲ್ಲ, ದುಡ್ಡಿದ್ದವರೆಲ್ಲ ಮಾಡಿದ್ದೇ.

ದಾನದ ಕಥೆ ಬೇರೆ. ಡೆನ್ನಿಗೆ ತನ್ನ ಊರಿಗೆ ಬೇಕಾಗಿದ್ದದ್ದು ಪ್ರಾಂತ್ಯದ ರಾಜಧಾನಿ. ಪಾದ್ರಿ ಡೇನಿಯಲ್ ಬ್ಯಾಗ್ಲಿ, ರಾಜಧಾನಿ ಬಿಡಿ, ವಿಶ್ವವಿದ್ಯಾಲಯ ಕೇಳಿ ಎಂದು ಮನಸ್ಸು ತಿರುಗಿಸಿದರು. 1861ರಲ್ಲಿ ಡೆನ್ನಿ ತನ್ನ ಗುಡ್ಡದ ಎಂಟು ಎಕರೆಗೂ ಜಾಸ್ತಿ ಬರೆದುಕೊಟ್ಟ. ಟೆರಿ, ಲ್ಯಾಂಡರ್ ಎಂಬ ನೆರೆಯವರು ಉಳಿದದ್ದನ್ನು ಸೇರಿಸಿ ಹತ್ತು ಮಾಡಿದರು. ಆ ನವೆಂಬರ್‌ನಲ್ಲೇ ಪಾಠ ಶುರು. ಏಸಾ ಮರ್ಸರ್ ಒಬ್ಬರೇ ಅಧ್ಯಕ್ಷರು, ಒಬ್ಬರೇ ಮೇಷ್ಟ್ರು. ಬಂದವರಲ್ಲಿ ಹೆಚ್ಚಿನವರು ಸಣ್ಣ ಮಕ್ಕಳು. ಮೊದಲ ಪದವಿ ಸಿಕ್ಕಿದ್ದು 1876ರಲ್ಲಿ, ಕ್ಲಾರಾ ಮೆಕಾರ್ಟಿಗೆ.

1895ರಲ್ಲಿ ಕ್ಯಾಂಪಸ್ ಊರಾಚೆಗೆ ಹೋಯಿತು. ಹಳೇ ಜಾಗ ಮಾರಬೇಕೆಂದೇ ಆಡಳಿತ ಮಂಡಳಿ ಯೋಚಿಸಿತ್ತು, ಕೊನೆಗೆ ಗುತ್ತಿಗೆಗೆ ಕೊಟ್ಟಿತು. ಒಳ್ಳೇದೇ ಆಯಿತು. ಈಗ ಅದು ಪೇಟೆಯ ನಟ್ಟನಡುವಿನ ನೆಲ, ಬಾಡಿಗೆ ಇವತ್ತಿಗೂ ವಿಶ್ವವಿದ್ಯಾಲಯಕ್ಕೆ ಬರುತ್ತದೆ. ಅಲ್ಲಿರುವ ರೇನಿಯರ್ ಟವರ್ ಕೆಳಗೆ ಸಣ್ಣಗೆ, ಮೇಲೆ ದಪ್ಪಗೆ. ವಿನ್ಯಾಸ ಇದೇ ವಿಶ್ವವಿದ್ಯಾಲಯದಲ್ಲಿ ಓದಿದ ಮಿನೋರು ಯಮಸಾಕಿಯವರದು. ಮೊದಲ ಕಟ್ಟಡದ ನಾಲ್ಕು ಬಿಳಿ ಕಂಬಗಳನ್ನು ಮಾತ್ರ ಉಳಿಸಿ ಹೊಸ ಕ್ಯಾಂಪಸ್ಸಿನ ಮರಗಳ ನಡುವೆ ನಿಲ್ಲಿಸಿದ್ದಾರೆ. ದೂರದಿಂದ ಕಲ್ಲು ಅನಿಸುತ್ತದೆ. ಬೆರಳಲ್ಲಿ ತಟ್ಟಿದರೆ ಮರ, ದೇವದಾರು.

ಆದರೆ ಆ ಗುಡ್ಡ ಡೆನ್ನಿಯದಾದದ್ದು ಹೇಗೆ ಅನ್ನುವುದನ್ನೂ ಹೇಳಬೇಕು. ಅಮೆರಿಕ ಸರ್ಕಾರದ 1850ರ ಕಾಯ್ದೆ ಪ್ರಕಾರ ಡೆನ್ನಿಯ ಹಾಗೆ 1851ರಲ್ಲಿ ಬಂದ ಗಂಡ ಹೆಂಡತಿ ಸೇರಿ 320 ಎಕರೆ ಪುಕ್ಕಟೆ ಪಡೆಯಬಹುದಿತ್ತು. ಅಲ್ಲಿ ಮೊದಲಿನಿಂದ ಇದ್ದ ಡುವಾಮಿಷ್ ಜನರ ಜೊತೆ ಒಪ್ಪಂದವಾದದ್ದು 1855ರಲ್ಲಿ. ಅಷ್ಟರಲ್ಲಿ ಊರಿನ ನಕ್ಷೆಯೇ ಆಗಿಹೋಗಿತ್ತು. ಒಪ್ಪಂದಕ್ಕೆ ಮೊದಲ ಸಹಿ ಹಾಕಿದ ಮುಖಂಡನ ಹೆಸರೇ ಊರಿಗೆ ಬಂದಿದೆ. 1865ರಲ್ಲಿ ಅದೇ ಊರು ಮೂಲನಿವಾಸಿಗಳು ಊರೊಳಗೆ ವಾಸಿಸಬಾರದೆಂದು ನಿಯಮ ಮಾಡಿತು. ಡೆನ್ನಿ ದಾನಿ ಹೌದು. ಮಗುವಿಗೆ ಚಿಪ್ಪಿನ ರಸ ಕುಡಿಸಲು ಹೇಳಿಕೊಟ್ಟವಳ ಜನಕ್ಕೆ ಆ ದಾನದಲ್ಲಿ ಪಾಲು ಸಿಗಲಿಲ್ಲ.

ಡುವಾಮಿಷರು 2009ರಲ್ಲಿ ತಮ್ಮ ನದಿಯ ಹತ್ತಿರ ಉದ್ದಮನೆ (ಲಾಂಗ್‌ಹೌಸ್, ಅವರ ಸಾಂಪ್ರದಾಯಿಕ ಮರದ ಮನೆ) ಕಟ್ಟಿಕೊಂಡಿದ್ದಾರೆ. ಅಲ್ಲಿಗೆ ಓದಲು ಹೋಗುವ ನಮ್ಮ ಜೂನಿಯರ್‌ಗಳು ಕಂಬಗಳ ಮುಂದೆ ಹೇಗೂ ಫೋಟೊ ತೆಗೆಸಿಕೊಳ್ಳುತ್ತೀರಿ. ಒಂದು ಶನಿವಾರ ಅತ್ತ ಕಡೆಗೂ ಹೋಗಿ ಬನ್ನಿ.