ಉಸಿರು ಎಣಿಸುವಷ್ಟರಲ್ಲಿ ಲಾಗೌಟ್

ಆ ರಿಮೈಂಡರ್ ಪಾಪ್‌ಅಪ್ ನನ್ನದೇ ಐಡಿಯಾ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ವಾರ್ಡಿನಲ್ಲಿ ಸಿಸ್ಟರ್‌ಗಳು ಟ್ಯಾಬ್ಲೆಟ್ ಹಿಡಿದು ವೈಟಲ್ಸ್ ತುಂಬುವ ಆ್ಯಪ್ ನಮ್ಮದು. ಬಿಪಿ, ಪಲ್ಸ್, ಟೆಂಪರೇಚರ್, ಆಕ್ಸಿಜನ್ ಸ್ಯಾಚುರೇಶನ್, ಉಸಿರಾಟ ಎಲ್ಲ ಒಂದೇ ಪರದೆಯಲ್ಲಿ. ರೋಗಿಯ ಪಕ್ಕದಲ್ಲೇ ನಿಂತು ಎಂಟ್ರಿ ಆಗಬೇಕು ಅನ್ನೋದು ಪ್ಲಾನು. ಗೋ-ಲೈವ್ ಆಗಿ 2 ವಾರಕ್ಕೆ ಡ್ಯಾಶ್‌ಬೋರ್ಡ್ ತೆರೆದರೆ, ಎಂಟ್ರಿಗಳೆಲ್ಲ ಶಿಫ್ಟ್ ಮುಗಿಯುವ ಹೊತ್ತಿಗೆ ಗುಡ್ಡೆ ಬಿದ್ದಿವೆ. "ಇವರು ಸೋಮಾರಿತನ ಮಾಡ್ತಿದ್ದಾರೆ" ಅಂತ ಮೀಟಿಂಗಿನಲ್ಲಿ ಹೇಳಿದೆ. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ, ನನ್ನ ಮೇಲೇ. ಆಗಾಗ ನೆನಪಿಸುವ ಪಾಪ್‌ಅಪ್ ಹಾಕೋಣ ಅಂದೆ. ಮ್ಯಾನೇಜರ್‌ಗೆ ಭಾರೀ ಖುಷಿ. 2 ಪಾಯಿಂಟ್ ಸ್ಟೋರಿ, ಅಂದರೆ ಚಿಕ್ಕ ಕೆಲಸ. ಅದೇ ಸ್ಪ್ರಿಂಟ್‌ನಲ್ಲಿ, ಅಂದರೆ ಕೆಲವೇ ವಾರಗಳ ಕೆಲಸದ ಸುತ್ತಿನಲ್ಲಿ, ಹೋಯಿತು.

ಗುಡ್ಡೆ ಮಾತ್ರ ಕರಗಲಿಲ್ಲ. ಕೊನೆಗೆ ಒಂದು ಶಿಫ್ಟ್ ವಾರ್ಡಿನಲ್ಲಿ ನಿಂತು ನೋಡಿ ಬಾ ಅಂತ ಕಳಿಸಿದರು. ಮೊದಲೇ ಕಳಿಸಬಹುದಿತ್ತು ಅಲ್ವಾ? ಡಿಸೈನ್ ಹೊತ್ತಿಗೆ ಕೇಳಿದಾಗ ಟೈಮ್ ಇಲ್ಲ ಅಂದಿದ್ದರು. ನಾವು ಟೆಸ್ಟ್ ಮಾಡಿದ್ದು ಆಫೀಸಿನಲ್ಲಿ, ಕುರ್ಚಿ ಮೇಲೆ ಕೂತು, ಎರಡೂ ಕೈ ಖಾಲಿ ಇಟ್ಟುಕೊಂಡು.

ಒಬ್ಬ ಸೀನಿಯರ್ ಸಿಸ್ಟರ್ ಹಿಂದೆ ಹೋದೆ. ಬಿಪಿ ಹಾಕಿದರು. ಪಲ್ಸ್ ಹಾಕಿದರು. ಆಮೇಲೆ ಉಸಿರು. ಅದನ್ನು ಎದೆ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸುತ್ತಾರೆ. ಎಣಿಸ್ತಿದ್ದೀನಿ ಅಂತ ಹೇಳುವ ಹಾಗೂ ಇಲ್ಲ. ಗೊತ್ತಾದರೆ ರೋಗಿ ಉಸಿರಾಡುವ ರೀತಿಯೇ ಬದಲಾಗುತ್ತದೆ. ಅದಕ್ಕೇ ಇನ್ನೂ ನಾಡಿ ನೋಡುತ್ತಿರುವವರ ಹಾಗೆ ಕೈ ಹಿಡಿದುಕೊಂಡೇ ನಿಂತರು. ಕಣ್ಣು ಒಮ್ಮೆ ಎದೆ ಮೇಲೆ, ಒಮ್ಮೆ ಗಡಿಯಾರದ ಮೇಲೆ.

ನಾನು ಟ್ಯಾಬ್ಲೆಟ್ ನೋಡುತ್ತಾ ನಿಂತೆ. 40 ಸೆಕೆಂಡಿಗೆ ಪರದೆ ಮಂಕಾಯಿತು. ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಯಿತು. ಒಂದು ಬೆರಳು ತಾಗಿಸಿಬಿಡಲಾ ಅನಿಸಿತು. ಆದರೆ ನಾನು ನೋಡಲು ಬಂದವನು, ಮುಟ್ಟುವ ಹಾಗಿಲ್ಲ. 50. 55. 60ಕ್ಕೆ ಲಾಗೌಟ್. ಸೇವ್ ಬಟನ್ ಇದ್ದದ್ದು ಫಾರ್ಮಿನ ಕೊನೆಯಲ್ಲಿ. ಬಿಪಿ, ಪಲ್ಸ್ ಎರಡೂ ಹೋದವು.

"ಹದಿನೆಂಟು" ಅಂದರು ಸಿಸ್ಟರ್. ಪರದೆ ಕಡೆ ನೋಡಲೂ ಇಲ್ಲ. ತೋಳಿಗೆ ಅಂಟಿಸಿಕೊಂಡಿದ್ದ ಟೇಪಿನ ಮೇಲೆ ಪೆನ್ನಿನಲ್ಲಿ ಬರೆದುಕೊಂಡರು. ಅಲ್ಲಿ ಆಗಲೇ ನಾಲ್ಕು ರೋಗಿಗಳ ಅಂಕಿ ಇತ್ತು.

"ಒಂದ್ಸಲ ನೀವೇ ಹಾಕಿ ನೋಡಿ ಸಾರ್" ಅಂದರು. ಗ್ಲೌಸ್ ಹಾಕಿಕೊಂಡು 12 ಅಕ್ಷರದ ಪಾಸ್‌ವರ್ಡ್ ಒತ್ತಿದೆ. ತಪ್ಪು. ಇನ್ನೊಮ್ಮೆ, ತಪ್ಪು. ಮೂರನೇ ಸಲಕ್ಕೆ ಅಕೌಂಟ್ ಲಾಕ್. ನನ್ನ ಮುಖ ನೋಡಿ ಹಾಸಿಗೆಯಲ್ಲಿದ್ದ ಅಜ್ಜ ಗಾಬರಿಯಾಗಿ ಕೇಳಿದರು: "ಏನಪ್ಪಾ, ಬಿಪಿ ಅಷ್ಟು ಜಾಸ್ತಿನಾ?"

ನಿಜವಾಗಿ ಹೆದರಿದ್ದು ವಾಪಸ್ ಬಂದು ಡೇಟಾ ನೋಡಿದಾಗ. ಆಸ್ಪತ್ರೆ ಸಾಫ್ಟ್‌ವೇರ್‌ಗಳು ಡೇಟಾ ಹಂಚಿಕೊಳ್ಳುವ ಸ್ಟ್ಯಾಂಡರ್ಡ್ ಎಫ್‌ಎಚ್‌ಐಆರ್‌ನಲ್ಲಿ ಅಳತೆ ತೆಗೆದ ಹೊತ್ತಿಗೆ ಎಫೆಕ್ಟಿವ್, ರಿಸಲ್ಟ್ ಹೊರಬಿದ್ದ ಹೊತ್ತಿಗೆ ಇಶ್ಯೂಡ್ ಅಂತ ಬೇರೆ ಬೇರೆ ಫೀಲ್ಡ್ ಇವೆ. ನಾವು ಎರಡಕ್ಕೂ ಸೇವ್ ಒತ್ತಿದ ಟೈಮನ್ನೇ ತುಂಬಿದ್ದೆವು. ಬೆಳಗ್ಗೆ 10ಕ್ಕೆ ನೋಡಿದ ಬಿಪಿ ಡಾಕ್ಟರ ಗ್ರಾಫಿನಲ್ಲಿ ಮಧ್ಯಾಹ್ನ 1:45ರದ್ದು. ಆ ಗುಡ್ಡೆ ನೋಡಿ ನಾನು ಅವರಿಗೆ ಸೋಮಾರಿ ಪಟ್ಟ ಕಟ್ಟಿದ್ದೆ.

60 ಸೆಕೆಂಡ್ ಯಾರ ತೀರ್ಮಾನ? ಸೆಕ್ಯೂರಿಟಿ ಟೀಮಿನದು. ಟೈಮ್‌ಔಟ್ ಇಡುವುದಾದರೆ ಮೊದಲೇ ಎಚ್ಚರಿಸಿ, ಒಂದು ಒತ್ತಿನಲ್ಲಿ ಮುಂದುವರಿಸಲು ಕನಿಷ್ಠ 20 ಸೆಕೆಂಡ್ ಕೊಡಿ ಅಂತ, ಎಲ್ಲರಿಗೂ ಬಳಸಲು ಆಗುವ ಹಾಗೆ ಪರದೆ ಮಾಡುವ ಮಾರ್ಗಸೂಚಿ ಡಬ್ಲ್ಯುಸಿಎಜಿಯಲ್ಲಿ ಇದೆ. ನಮ್ಮ ಚೆಕ್‌ಲಿಸ್ಟಿನಲ್ಲೂ ಇತ್ತು. ಅದಕ್ಕೆ ಟಿಕ್ ಹಾಕಿದವನೂ ನಾನೇ. ಡೆಮೊ ಬಿಲ್ಡ್‌ನಲ್ಲಿ ಟೈಮ್‌ಔಟ್ ಆಫ್ ಇತ್ತು, ನಾನು ವಿಚಾರಿಸಲೇ ಇಲ್ಲ.

ಈಗ ಬ್ಯಾಡ್ಜ್ ತಾಗಿಸಿದರೆ ಲಾಗಿನ್. ಪ್ರತಿ ಅಂಕಿ ಹಾಕಿದ ಕೂಡಲೇ ಸೇವ್. ಅಳತೆ ತೆಗೆದ ಸಮಯ ತಿದ್ದಬಹುದು. ಪಾಪ್‌ಅಪ್ ತೆಗೆಯಲು ಮಾತ್ರ 3 ಸ್ಪ್ರಿಂಟ್ ಬೇಕಾಯಿತು. ಅಷ್ಟರಲ್ಲಿ ಅದು ಯಾರದೋ ಕೆಪಿಐ, ಅಂದರೆ ಕೆಲಸ ಅಳೆಯುವ ಲೆಕ್ಕ, ಆಗಿಬಿಟ್ಟಿತ್ತು!

ಮೊನ್ನೆ ಮತ್ತೆ ಹೋಗಿದ್ದೆ. ಸಿಸ್ಟರ್ ತೋಳಿನಲ್ಲಿ ಟೇಪ್ ಹಾಗೇ ಇತ್ತು. ಇದು ಇನ್ನೂ ಯಾಕೆ ಅಂದೆ. "ಚಾರ್ಜ್ ಮುಗಿದಾಗ ಇದೇ ಗತಿ ಸಾರ್" ಅಂದರು. ಚಾರ್ಜರ್ ಎಲ್ಲಿದೆ ಅಂತ ಕೇಳಿದೆ. ಸ್ಟೋರ್ ರೂಮಿನಲ್ಲಂತೆ. ಬೀಗ ಹಾಕಿರುತ್ತಾರಂತೆ.