ಕಾಗದದ ಹೂಗಳು: ದಾಸವಾಳ ಮುಗಿಯಿತು, ಮುಂದೆ ಬೆಂಡೆ

ದಾಸವಾಳ ಕೊನೆಗೂ ಮುಗಿಯಿತು. ಎಸಳು, ಕೇಸರ, ಎಲೆಯ ನರ ಎಲ್ಲವೂ ಬಣ್ಣದ ಕಾಗದವೇ, ಎಲ್ಲೂ ಬ್ರಶ್ ಮುಟ್ಟಿಸಿಲ್ಲ. ಕಟ್ಟಡಗಳ ನಕ್ಷೆ ಬರೆಯುವ ಕೆಲಸದಿಂದ ನಿವೃತ್ತಿಯಾದ ಮೇಲೆ ಇದನ್ನು ಹಿಡಿದೆ. ಗಿಡಗಳ ಪುಸ್ತಕಗಳಿಗೆ ಚಿತ್ರ ಮಾಡಿಕೊಡುವುದೇ ನನ್ನ ಎರಡನೇ ವೃತ್ತಿ ಆಗಬೇಕು ಅನ್ನೋದು ಆಸೆ.

ಈ ಹುಚ್ಚು ಹತ್ತಿಸಿದ್ದು ಇಂಗ್ಲೆಂಡಿನ ಮೇರಿ ಡೆಲಾನಿ. 1700ರಲ್ಲಿ ಹುಟ್ಟಿದವರು. ಗಂಡ ತೀರಿಕೊಂಡ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಕಪ್ಪು ಹಾಳೆಯ ಮೇಲೆ ಕಾಗದದ ಚೂರುಗಳನ್ನು ಅಂಟಿಸಿ ಹೂಗಿಡಗಳನ್ನು ಮಾಡತೊಡಗಿದರು. ಕಣ್ಣು ಮಂಜಾಗುವ ತನಕ, ಸುಮಾರು ಹತ್ತು ವರ್ಷದಲ್ಲಿ, ಸಾವಿರದ ಹತ್ತಿರ ಚಿತ್ರಗಳು! ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಆದರೆ ಅವರು ಸೊನ್ನೆಯಿಂದ ಶುರು ಮಾಡಿದವರಲ್ಲ ಅನ್ನೋದು ನನಗೆ ಮುಖ್ಯ. ಕಸೂತಿ ಹಾಕಿದ್ದು, ಕಾಗದ ಕತ್ತರಿಸಿದ್ದು, ತೋಟದ ಗೀಳು, ಅಷ್ಟೂ ವರ್ಷಗಳ ಅಭ್ಯಾಸ ಆಗ ಒಟ್ಟಿಗೆ ಕೈಗೆ ಬಂತು, ಅಲ್ವಾ?

ನನ್ನ ಹಳೇ ಕೆಲಸವೂ ಹಾಗೇ ಒದಗುತ್ತಿದೆ. ಯಾವುದು ಮುಂದೆ, ಯಾವುದು ಹಿಂದೆ ಅಂತ ಪದರ ಪದರವಾಗಿ ಯೋಚಿಸುವುದು ನಕ್ಷೆಯಿಂದಲೇ ಬಂದದ್ದು. ಟ್ರೇಸಿಂಗ್ ಪೇಪರಿನಲ್ಲಿ ಒಂದೊಂದು ಪದರವನ್ನೂ ಬೇರೆ ಬೇರೆ ಬರೆದು, ಹಿಂದಿನಿಂದ ಮುಂದಕ್ಕೆ ಅಂಟಿಸುತ್ತಾ ಬರುತ್ತೇನೆ.

ಇದನ್ನು ಮಾಡುವವರು ಕಾಗದದ ನಾರಿನ ದಿಕ್ಕು ನೋಡಲೇಬೇಕು. ಅಂಟಿನ ತೇವಕ್ಕೆ ನಾರು ಉದ್ದಕ್ಕಿಂತ ಅಡ್ಡಕ್ಕೆ ಜಾಸ್ತಿ ಹಿಗ್ಗುತ್ತದೆ, ಹಾಗಾಗಿ ಒಂದು ಪದರದ ನಾರು ಉದ್ದಕ್ಕೆ, ಇನ್ನೊಂದರದ್ದು ಅಡ್ಡಕ್ಕೆ ಇದ್ದರೆ ಒಣಗುವಾಗ ಚಿತ್ರ ಸೊಟ್ಟಗಾಗುತ್ತದೆ. ಹಾಳೆಯನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಮೆಲ್ಲಗೆ ಬಾಗಿಸಿ ನೋಡಿ. ಯಾವ ಕಡೆ ಸಲೀಸಾಗಿ ಸುರುಳಿಯಾಗುತ್ತದೋ, ಆ ಸುರುಳಿಯ ಉದ್ದಕ್ಕೇ ನಾರು ಇರುತ್ತದೆ.

ಇನ್ನು ಕಣ್ಣು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗಿ ನೀಲಿ ಬೆಳಕನ್ನು ತಡೆಯುತ್ತದೆ, ಅದಕ್ಕೇ ಕಡುನೀಲಿಗೂ ಕಪ್ಪಿಗೂ ವ್ಯತ್ಯಾಸ ಸುಲಭಕ್ಕೆ ಗೊತ್ತಾಗುವುದಿಲ್ಲ. ಬಣ್ಣ ಆರಿಸುವುದು ಹಗಲಲ್ಲೇ. ಕಾಗದದ ಹಿಂದೆ ಪೆನ್ಸಿಲ್‌ನಲ್ಲಿ ನಂಬರ್ ಬರೆದಿಟ್ಟರೆ ರಾತ್ರಿ ಕತ್ತರಿಸಬಹುದು.

ಖುಷಿಯ ಸುದ್ದಿ: ಪ್ರಕಾಶಕರೊಬ್ಬರು ಮಕ್ಕಳ ಪುಸ್ತಕಕ್ಕೆ ಮಾದರಿ ಕೇಳಿದ್ದಾರೆ. ಮೊಗ್ಗು, ಹೂವು, ಕಾಯಿ ಮೂರೂ ಒಂದೇ ಹಾಳೆಯಲ್ಲಿ ಬರಬೇಕಂತೆ. ಚಿತ್ರದ ಹಕ್ಕು ನನ್ನಲ್ಲೇ ಉಳಿಯಬೇಕು, ಆ ಪುಸ್ತಕಕ್ಕೆ ಮಾತ್ರ ಬಳಸಲಿ ಅಂತ ಮೊದಲೇ ಬರೆದು ಕೇಳಿದ್ದೇನೆ. ಬೆಂಡೆ ಗಿಡ ಆರಿಸಿಕೊಂಡೆ. ಅದೂ ದಾಸವಾಳದ ಕುಟುಂಬದ್ದೇ, ಕೇಸರಗಳು ಹಾಗೇ ಕೊಳವೆಯಂತೆ ಕೂಡಿಕೊಂಡಿರುತ್ತವೆ, ಆ ಭಾಗದ ಕೈ ಈಗ ಪಳಗಿದೆ. ಕಾಯಿಯ ಏಣುಗಳಿಗೆ ಎಷ್ಟು ಬಗೆಯ ಹಸಿರು ಬೇಕು ಅಂತ ನಾಳೆ ಕಾಗದ ಹರಡಿಕೊಂಡು ನೋಡಬೇಕು.